ಪಸಂದಿಗೆ ತಂದ ಪೆಟ್ಟಿಗೆ

ಮುಕರ್ರಮನ ಅಪ್ಪ ಸೀರೆ ವ್ಯಾಪಾರಿ ಆಗಿರದಿದ್ದರೆ ಉದಯಕುಮಾರನಿಗೆ ಈ ಫಜೀತಿ ಬರುತ್ತಲೇ ಇರಲಿಲ್ಲ.

ಆ ಕಾಲದಲ್ಲಿ ರಾಯಚೂರಿನ ಅವರ ಅಂಗಡಿಯಲ್ಲಿ ಗುರುತಿನ ಗಿರಾಕಿಗಳಿಗೆ ಒಂದು ಸವಲತ್ತಿತ್ತು. ನಾಲ್ಕಾರು ಸೀರೆಗಳನ್ನು ಪಸಂದಿಗೆಂದು ಮನೆಗೆ ಒಯ್ಯಬಹುದು. ಹೆಂಗಸರು ಮಡಿಕೆ ಬಿಚ್ಚಿ, ಹೆಗಲ ಮೇಲೆ ಹಾಕಿಕೊಂಡು, ಬಿಸಿಲಿಗೆ ಹಿಡಿದು ನೋಡಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಸಂಜೆ ಮರಳಿಸಿದರಾಯಿತು. ಈಗ ಅದೇ ಅಂಗಡಿಯಲ್ಲಿ ಮುಕರ್ರಂ ಟಿವಿ, ಸ್ಪೀಕರು, ಸಿನಿಮಾ ಡಿಸ್ಕು ಮಾರುತ್ತಿದ್ದ. ಅಪ್ಪನ ರೂಢಿಯನ್ನು ಮಾತ್ರ ಬಿಟ್ಟಿರಲಿಲ್ಲ.

“ಒಯ್ರಿ ಸರ್, ಮನ್ಯಾಗ ತೋರಸ್ರಿ. ಪಸಂದ್ ಬಂತು, ಇಟಗೊಳ್ರಿ. ಬರಲಿಲ್ಲ, ಸಂಜೀಕ ವಾಪಸ್ ತರ್ರಿ. ಮ್ಯಾಲಿನ ಪ್ಲಾಸ್ಟಿಕ್ ಹರೀಬಾರದು, ಅಷ್ಟ.”

ಮಾನ್ವಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಉದಯಕುಮಾರ ಆ ಭಾನುವಾರ ಬೆಳಿಗ್ಗೆ ಹೀಗೆ ಪಸಂದಿಗೆ ತಂದದ್ದು ಹಳೆಯ ಕಪ್ಪು-ಬಿಳುಪು ಚಿತ್ರವೊಂದರ ಕಲೆಕ್ಟರ್ಸ್ ಎಡಿಷನ್. ಇಟ್ಟಿಗೆಯಷ್ಟು ತೂಕದ ಪೆಟ್ಟಿಗೆ. ಒಳಗೆ ಕಲೆಗಳನ್ನೆಲ್ಲ ತೆಗೆದು ಹೊಸದಾಗಿಸಿದ ಚಿತ್ರದ ಡಿಸ್ಕು, ಫೋಟೋಗಳ ಪುಸ್ತಕ, ಒಂದು ಪೋಸ್ಟರು. ಎಲ್ಲಕ್ಕಿಂತ ಮಿಗಿಲಾಗಿ, ಚೀಕಲಪರ್ವಿಯ ಹೊಳೆದಂಡೆಯಲ್ಲಿ ತೆಗೆದು, ಬಿಡುಗಡೆಗೆ ಮುಂಚೆ ಕತ್ತರಿಸಿಹಾಕಿದ್ದ ಒಂದು ದೃಶ್ಯ. ದೇವದುರ್ಗದಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು ಆ ಚಿತ್ರ ನೋಡಿದ ದಿನದಿಂದ ಉದಯಕುಮಾರ ಅದರ ಭಕ್ತ. ಈ ಪೆಟ್ಟಿಗೆ ತನ್ನ ಕಪಾಟಿನಲ್ಲಿರಬೇಕು ಎಂಬುದೊಂದೇ ಅವನ ಆಸೆ.

ಬೆಲೆ ಒಂದು ಒಳ್ಳೆಯ ಮಿಕ್ಸರಿನಷ್ಟಿತ್ತು. ಮನೆಗೆ ಬೇಕಾಗಿದ್ದದ್ದೂ ಮಿಕ್ಸರೇ.

“ನಿಮ್ಮ ಕಣ್ಣಿಗೆ ಸಿನಿಮಾ ಎಲ್ಲಾ ಚಂದನ ಕಾಣ್ತಾವ,” ಎಂದಳು ಹೆಂಡತಿ ವಿಜಯಶ್ರೀ. “ಇವತ್ತು ಅಪ್ಪ, ಅವ್ವ ಊಟಕ್ಕ ಬರಾಕತ್ತಾರ. ಅಪ್ಪ ಹೂಂ ಅಂದ್ರ ತಗೊರಿ. ಊಹೂಂ ಅಂದ್ರ ಮಿಕ್ಸರ್ ತರ್ರಿ.”

ಅಲ್ಲಿಗೆ ಮುಗಿಯಿತು ಎಂದುಕೊಂಡ ಉದಯಕುಮಾರ. ಮಾವ ಮುದುಕಪ್ಪನವರು ಅಕ್ಕಿ ಗಿರಣಿಯ ಮಾಲೀಕರು, ಸಿನಿಮಾ ಎಂದರೆ ಉರಿದುಬೀಳುವವರು. ಸ್ವಂತ ಮಗಳ ಮದುವೆಯ ವಿಡಿಯೋವನ್ನೂ ನೋಡಿದವರಲ್ಲ.

ಆದರೂ ಅವನು ವಿಜ್ಞಾನದ ಮನುಷ್ಯ. ವಾದಕ್ಕೆ ಆಧಾರ ಬೇಕೆಂದು ಪೆಟ್ಟಿಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದ. ಭೂತಗನ್ನಡಿ ಹಿಡಿದು ಅಚ್ಚಿನ ಬಣ್ಣ ಪರೀಕ್ಷಿಸಿದ. ಒಳಗಿನದು ಹೇಗಿದೆಯೋ ತಿಳಿಯದೆ ಕೊಳ್ಳುವುದು ಅವೈಜ್ಞಾನಿಕ. ತಿಳಿಯಲು ಹೋದರೆ ಪ್ಲಾಸ್ಟಿಕ್ ಹರಿದು, ಕೊಳ್ಳದೆ ಬೇರೆ ದಾರಿಯಿಲ್ಲ. ಈ ತೊಡಕನ್ನು ಅವನು ಇನ್ನೂ ಬಿಡಿಸುತ್ತಿದ್ದಾಗಲೇ ಪಕ್ಕದ ಮನೆಯ ಅಮರಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು.

“ಏನೋ ಪಸಂದಿಗೆ ತಂದೀರಂತಲ್ರೀ ಸರ್? ತರ್ರಿ ನೋಡಮು.”

ರಾಯಚೂರಿನಿಂದ ಪಸಂದಿಗೆ ಬಂದ ವಸ್ತುವನ್ನು ಹೇಗೆ ನೋಡಬೇಕೆಂದು ಅಮರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದಳು. ಅಂಚು ಸವರಿದಳು. ಉದಯಕುಮಾರ “ಅಮರಮ್ಮಾರ, ಅದನ್ನ…” ಎನ್ನುವಷ್ಟರಲ್ಲಿ ಉಗುರು ತೂರಿಸಿ ಚರ್ರನೆ ಎಳೆದಳು. ಪ್ಲಾಸ್ಟಿಕ್ ಹಾವಿನ ಪೊರೆಯಂತೆ ಕಳಚಿ ನೆಲಕ್ಕೆ ಬಿತ್ತು.

“ಹರದೇ ಬಿಟ್ರಲ್ರೀ!”

“ಮಡಿಕಿ ಬಿಚ್ಚಲಾರದ ಪಸಂದ್ ಹ್ಯಾಂಗ್ ಮಾಡ್ತೀರಿ? ಒಳಗ ತೂತು ಗೀತು ಇದ್ದರ?” ಎಂದ ಅಮರಮ್ಮ ಪೋಸ್ಟರನ್ನು ಬಿಚ್ಚಿ ಸೆರಗಿನಂತೆ ಹೆಗಲ ಮೇಲೆ ಹಾಕಿಕೊಂಡಳು. “ಬಾಳ ತೆಳ್ಳಗ ಅದ ಬಿಡ್ರಿ.”

ಇನ್ನು ಪೆಟ್ಟಿಗೆಯನ್ನು ಮರಳಿಸುವ ದಾರಿ ಮುಚ್ಚಿತು. ಮಾವ ಊಹೂಂ ಎಂದರೂ ದುಡ್ಡು ತೆರಬೇಕು, ಮಿಕ್ಸರೂ ತರಬೇಕು. ಉದಯಕುಮಾರ ಈ ಲೆಕ್ಕದಲ್ಲಿ ಮುಳುಗಿದ್ದಾಗ ಮಾವನವರ ಕಾರು ಬಂದು ನಿಂತಿತು.

ಒಳಗೆ ಬಂದ ಅತ್ತೆ ಬಸವಂತಮ್ಮ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಚಪ್ಪಲಿ ಬಿಡುವುದನ್ನೇ ಮರೆತರು. “ಇದು ನಮ್ಮ ಚೀಕಲಪರ್ವಿ ಹೊಳಿ ಅಲ್ಲೇನು? ಯವ್ವಾ! ಇದರಾಗ ನಾ ಅದೀನಿ! ಕೊಡ ಹೊತ್ಕೊಂಡು ಬರಾಕಿ ನಾನ!”

“ನೀ ಎಲ್ಲಿದ್ದಿ ಬೇ ಬಸವಂತಿ?” ಅದೇ ಊರಿನ ಹೆಣ್ಣುಮಗಳಾದ ಅಮರಮ್ಮ ಪೋಸ್ಟರನ್ನು ಹೆಗಲಿನಿಂದ ಇಳಿಸಿದಳು. “ಕೊಡ ಹೊತ್ತಾಕಿ ನಾನು. ನನ್ನ ನಡಿಗಿ ನೋಡಿ ಕ್ಯಾಮೆರಾದಂವ ದಂಗಾಗಿದ್ದ.”

“ಥೂ, ಮನೀ ಹಾಳ ಮಾಡೋ ಚಟ,” ಎಂದು ಮುದುಕಪ್ಪನವರು ಕುರ್ಚಿಯನ್ನು ತಿರುಗಿಸಿ ಟಿವಿಗೆ ಬೆನ್ನು ಹಾಕಿ ಕೂತರು.

ಯಾರ ಮಾತು ನಿಜವೆಂದು ತೀರ್ಮಾನವಾಗದೆ ಊಟಕ್ಕೆ ಏಳುವುದಿಲ್ಲವೆಂದು ಇಬ್ಬರು ಹೆಂಗಸರೂ ಹಟ ಹಿಡಿದರು. ಹೇಗೂ ಹರಿದದ್ದು ಹರಿದಾಗಿದೆ ಎಂದುಕೊಂಡು ಉದಯಕುಮಾರ ಡಿಸ್ಕು ಹಾಕಿ ನೇರವಾಗಿ ಹೊಳೆಯ ದೃಶ್ಯಕ್ಕೇ ಹೋದ.

ತುಂಗಭದ್ರೆ ಪಾದರಸದಂತೆ ಹೊಳೆಯುತ್ತಿತ್ತು. ಬಂಡೆಗಳ ಮೇಲೆ ಒಬ್ಬ ಹುಡುಗಿ ಕ್ಯಾಮೆರಾಕ್ಕೆ ಬೆನ್ನು ಮಾಡಿ, ತಲೆಯ ಮೇಲೆ ಕೊಡ ಹೊತ್ತು, ಸೊಂಟ ಬಳುಕಿಸುತ್ತ ಹರಿಗೋಲಿನತ್ತ ನಡೆದು ಹೋದಳು. ಮುಖ ಒಮ್ಮೆಯೂ ಕಾಣಲಿಲ್ಲ.

“ನೋಡ್ರಿ, ನಾನ!” ಎಂದರು ಬಸವಂತಮ್ಮ.

“ನಿನ್ನ ಸೊಂಟ ಯಾವಾಗ ಅಷ್ಟು ಸಣ್ಣಿತ್ತು? ಅದು ನಾನು!” ಎಂದಳು ಅಮರಮ್ಮ.

ಜಗಳ ಕೈಗೆ ಬರುವ ಮೊದಲು ಶಾಂತಿ ಮಾಡಬೇಕೆಂದು ಉದಯಕುಮಾರ ಪಕ್ಷಪಾತವಿಲ್ಲದ ತೀರ್ಪು ಕೊಟ್ಟ. “ಯಾರಾದ್ರೂ ಇರಲಿ ಬಿಡ್ರಿ. ಈ ದೃಶ್ಯ ಯಾಕ ಕತ್ತರಿಸಿದ್ರು ಅಂತ ಈಗ ತಿಳೀತು. ಆ ನಡಿಗಿ ಸಹಜ ಇಲ್ಲ. ಕೆಸರಾಗಿಂದ ಎದ್ದು ಬಂದ ಎಮ್ಮೀಯಂಗ ನಡೀತಾಳ ಹುಡುಗಿ.”

“ಏನ್ ತಿಳೀತದ್ರೀ ನಿಮಗ?”

ಎಲ್ಲರೂ ತಿರುಗಿ ನೋಡಿದರು. ಮುದುಕಪ್ಪನವರ ಕುರ್ಚಿ ಗಡಿಯಾರದ ಮುಳ್ಳಿನಂತೆ, ಯಾರ ಅರಿವಿಗೂ ಬಾರದೆ, ಸರಿಸರಿದು ಟಿವಿಯ ಕಡೆ ಬಂದಿತ್ತು. ಅವರೀಗ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು.

“ಎಮ್ಮೀಯಂಗ ಅಂತ! ಪಾಚಿ ಹಿಡದ ಕಲ್ಲು, ತಲೀ ಮ್ಯಾಲೆ ತುಂಬಿದ ಕೊಡ, ಕಾಲಿಗೆ ತೊಡರೋ ಸೀರಿ! ಒಂದ್ ಹನಿ ತುಳುಕ್ಯಾದೇನು ನೋಡ್ರಿ! ಡೈರೆಕ್ಟರ್ ಬಂದು ಬೆನ್ನು ಚಪ್ಪರಿಸಿದ. ‘ತಮ್ಮಾ, ಯಾವ ಹುಡುಗಿನೂ ನಿನ್ನಂಗ ನಡ್ಯಾಂಗಿಲ್ಲ’ ಅಂದ!”

ಉದಯಕುಮಾರ ರಿಮೋಟು ಒತ್ತಿ ಚಿತ್ರ ನಿಲ್ಲಿಸಿದ.

“ಯಪ್ಪಾ,” ಎಂದಳು ವಿಜಯಶ್ರೀ ಮೆಲ್ಲಗೆ, “ಯಾರಿಗೆ ಅಂದ?”

ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. “ಮತ್ತೇನ್ ಮಾಡಬೇಕಿತ್ತು? ನಮ್ಮೂರಾಗ ಒಬ್ಬರಾದ್ರೂ ಹೆಣಮಕ್ಕಳ್ನ ಸಿನಿಮಾಕ ಕಳಸಿದ್ರೇನು? ಇವರಿಬ್ಬರನ್ನ ಮನ್ಯಾಗ ಹಾಕಿ ಹೊರಗಿಂದ ಚಿಲಕ ಹಾಕಿದ್ರು. ಡೈರೆಕ್ಟರ್ ತಲೀ ಮ್ಯಾಲೆ ಕೈ ಹೊತ್ಕೊಂಡು ಕುಂತಿದ್ದ. ನಾವು ಹುಡುಗರೇ ಸೀರಿ ಉಟ್ವಿ.”

ಅಮರಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗಿ ಮೊಸರನ್ನೂ ಬಿಟ್ಟು ಹೊರಟುಹೋದಳು. ಬಸವಂತಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇಷ್ಟು ವರ್ಷ ಸಂಸಾರ ಮಾಡೀನಿ. ಮನೀಗೆ ಒಂದ್ ದಿನ ಒಂದ್ ಕೊಡ ನೀರು ತಂದೀರೇನು?”

ಮುದುಕಪ್ಪನವರು ಡಿಸ್ಕನ್ನು ಹೊರತೆಗೆದು ಪೆಟ್ಟಿಗೆಯನ್ನು ಜೋಡಿಸಿ ಕಂಕುಳಲ್ಲಿ ಇರುಕಿಕೊಂಡರು. “ಈ ಮಾತು ಈ ಮನಿ ದಾಟಬಾರದು. ಇದು ನನ್ನ ಕಪಾಟಿನ್ಯಾಗ ಇರತದ,” ಎಂದು ಊಟವನ್ನೂ ಮಾಡದೆ ಕಾರು ಹತ್ತಿದರು.

ಉದಯಕುಮಾರನ ಮುಖ ನೋಡಲಾಗದೆ ವಿಜಯಶ್ರೀಯೇ ಹೇಳಿದಳು: “ಹೋಗಿ ಇನ್ನೊಂದು ತಗೊಂಡ್ ಬರ್ರಿ. ಮಿಕ್ಸರ್ ಆಮ್ಯಾಲೆ ನೋಡಮು. ಅಪ್ಪನ ನಡಿಗಿ ನಾ ಇನ್ನೊಮ್ಮಿ ನೋಡಬೇಕು.”

ಅವನಿಗೆ ರೆಕ್ಕೆ ಬಂದಂತಾಯಿತು. ಇಡೀ ಮನೆತನ ಒಪ್ಪಿ ಕೊಂಡ ಸಿನಿಮಾ ಜಗತ್ತಿನಲ್ಲಿ ಎಷ್ಟಿದ್ದಾವು? ಒಡೆದ ಪೆಟ್ಟಿಗೆಯ ದುಡ್ಡು ಕೊಟ್ಟು, ಒಡೆಯದ ಹೊಸದನ್ನು ತಂದು ಕಪಾಟಿಗೇರಿಸುವುದೆಂದುಕೊಂಡು ರಾಯಚೂರಿನ ಬಸ್ಸಿನಲ್ಲಿ ನಿಂತುಕೊಂಡೇ ಹೋದ.

ಮುಕರ್ರಂ ಮೊದಲನೆಯದರ ದುಡ್ಡು ಎಣಿಸಿಕೊಂಡ. ಇನ್ನೊಂದು ಕೊಡು ಎಂದಾಗ ತಲೆ ಕೆರೆದುಕೊಂಡ. ಬೆಳಿಗ್ಗೆ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದ ಜಾಗ ಖಾಲಿಯಾಗಿತ್ತು.

“ನಿಮ್ಮ ಮಾವಾರು ಫೋನ್ ಮಾಡಿದ್ರು ಸರ್. ಇದ್ದವೆಲ್ಲಾ ಹಿಡದ್ರು. ರಾಯಚೂರಿಗೆ ಬಂದಿದ್ದ ಗಿರಣಿ ಲಾರಿ ಈಗ ಬಂದು ತುಂಬ್ಕೊಂಡು ಹೋತು. ದೇವದುರ್ಗ, ಕುರ್ಡಿ, ಬಾಗಲವಾಡ, ಎಲ್ಲಾ ಕಡೀಗೆ ಬೀಗರಿಗೆ ಹಂಚಾಕಂತ.”

ಉದಯಕುಮಾರ ಕೌಂಟರನ್ನು ಹಿಡಿದುಕೊಂಡ. “ಬೆಂಗಳೂರಿಂದ ತರಸು ಮತ್ತ. ನನ್ನ ಹೆಸರಲೆ ಒಂದು ಇಡು.”

“ಅದಕ್ಕೂ ಹೇಳ್ಯಾರ್ರಿ ಸರ್.” ಮುಕರ್ರಂ ದನಿ ತಗ್ಗಿಸಿದ. “ಎಷ್ಟು ಬಂದ್ರೂ ನನಗ ಕಳಸು, ನಮ್ಮ ಅಳಿಯಗ ಮಾತ್ರ ಒಂದೂ ಕೊಡಬ್ಯಾಡ ಅಂದಾರ. ನಿಮಗ ನಡಿಗಿ ತಿಳ್ಯಾಂಗಿಲ್ಲಂತಲ್ರೀ?”