ಮ್ಯಾಗ್ನೆಟ್ ಅಂಟುವ ಪಾತ್ರೆ

ಭಾನುವಾರ ಬೆಳಿಗ್ಗೆ, ಹಾಲು ಇನ್ನೇನು ಉಕ್ಕಬೇಕು ಎನ್ನುವಷ್ಟರಲ್ಲಿ ಗ್ಯಾಸ್ ಮುಗಿಯಿತು. ಮೇಷ್ಟ್ರು ಸಿಲಿಂಡರನ್ನು ಅಲ್ಲಾಡಿಸಿ ನೋಡಿದರು, ಓರೆ ಮಾಡಿ ನೋಡಿದರು, ಕೊನೆಗೆ ಹಳೆಯ ಸ್ನೇಹಿತನ ಬೆನ್ನು ತಟ್ಟಿದಂತೆ ತಟ್ಟಿಯೂ ನೋಡಿದರು. ಖಾಲಿ ಎಂದರೆ ಖಾಲಿ.

"ಇವತ್ತೇ ಮುಗೀಬೇಕಿತ್ತಾ ಇದು?" ಎಂದಳು ಹೆಂಡತಿ. "ಮಧ್ಯಾಹ್ನ ಅಣ್ಣ ಊಟಕ್ಕೆ ಬರ್ತಿದಾನೆ. ನಾಳೆವರೆಗೂ ಇನ್ನೊಂದು ಸಿಲಿಂಡರ್ ಬರಲ್ಲ. ಹೋಟ್ಲಿಂದ ತರಿಸಿಬಿಡೋಣ ರೀ."

ಅಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಈ ಅಣ್ಣ, ಅಂದರೆ ಮೇಷ್ಟ್ರ ಭಾವ, ಪಕ್ಕದ ಊರಿನ ಪೇಟೆಯಲ್ಲಿ ದೊಡ್ಡ ಪಾತ್ರೆ ಅಂಗಡಿ ಇಟ್ಟವನು. ಮೇಷ್ಟ್ರ ಬೀದಿಯಲ್ಲಿ ಅವನ ಅಂಗಡಿಯ ಪಾತ್ರೆ ಇಲ್ಲದ ಮನೆಯಿಲ್ಲ. ತಂಗಿಯೇ ಎಲ್ಲರನ್ನೂ ಕರೆದುಕೊಂಡು ಹೋಗಿ ಕೊಡಿಸಿದ್ದಳು. ಹೋದ ವರ್ಷ ಮೇಷ್ಟ್ರ ಮದುವೆಯ ವಾರ್ಷಿಕೋತ್ಸವಕ್ಕೆಂದು ಭಾವ ಒಂದು ಇಂಡಕ್ಷನ್ ಸ್ಟವ್ ಕಳಿಸಿದ್ದ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಬೋಧಿಸುತ್ತಿದ್ದ ಮೇಷ್ಟ್ರಿಗೆ ಆ ದಿನ ಹಬ್ಬ. ಪೆಟ್ಟಿಗೆ ಒಡೆದು, ಒಳಗಿದ್ದ ಅಡ್ಡಬಂದ ಸಾಮಾನನ್ನೆಲ್ಲ ಅತ್ತ ಸರಿಸಿ, ಸ್ಟವ್ವನ್ನು ಮಗುಚಿ, ತಿರುಪು ಬಿಚ್ಚಿ, ತಾಮ್ರದ ಸುರುಳಿಯನ್ನು ಕಣ್ತುಂಬ ನೋಡಿದ್ದರು. ಅಂದು ಸಂಜೆ ಭಾವ ಫೋನಿನಲ್ಲಿ, "ಒಳಗಿರೋದನ್ನ ನೋಡಿದ್ರಾ ಮೇಷ್ಟ್ರೇ? ಇಷ್ಟ ಆಯ್ತಾ?" ಎಂದು ಕೇಳಿದಾಗ, "ಅದ್ಭುತ ಭಾವ, ಅದ್ಭುತ!" ಎಂದು ಗದ್ಗದರಾಗಿದ್ದರು. ಮರುದಿನವೇ ಸ್ಟವ್ ಹೈಸ್ಕೂಲಿನ ಪ್ರಯೋಗಶಾಲೆ ಸೇರಿ, ತನ್ನ ಹೊಟ್ಟೆ ತೆರೆದು ತೋರಿಸುತ್ತ ಇಡೀ ವರ್ಷ ಪಾಠಕ್ಕೆ ನಿಂತಿತ್ತು. ಮೊನ್ನೆಯಷ್ಟೇ ಮನೆಗೆ ಬಂದಿತ್ತು.

ಭಾವನಿಗೆ ಇದು ಗೊತ್ತಾಗಿ, ಹೋದ ಕಡೆಯಲ್ಲೆಲ್ಲ ಒಂದೇ ಮಾತು: "ನಮ್ಮ ಮೇಷ್ಟ್ರು ಸ್ಟವ್ ಬಗ್ಗೆ ಒಂದು ಗಂಟೆ ಮಾತಾಡ್ತಾರೆ. ಒಂದು ಲೋಟ ನೀರು ಕಾಯಿಸಿ ಅಂದ್ರೆ ಮಾತ್ರ ಬರಲ್ಲ!" ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವರು. ಮೇಷ್ಟ್ರೂ ನಕ್ಕಂತೆ ಮಾಡುವರು. ಒಳಗೊಳಗೆ ಮಾತ್ರ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು.

"ಹೋಟ್ಲೂ ಬೇಡ ಗೀಟ್ಲೂ ಬೇಡ," ಎಂದರು ಮೇಷ್ಟ್ರು. "ನಿಮ್ಮಣ್ಣ ಕೊಟ್ಟ ಸ್ಟವ್ ಮೇಲೆ, ನಾನೇ, ನನ್ನ ಕೈಯಾರೆ ಅಡುಗೆ ಮಾಡ್ತೀನಿ. ಇವತ್ತು ಅವನ ಬಾಯಿ ಮುಚ್ಚಿಸದಿದ್ರೆ ಕೇಳು."

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅನ್ನಕ್ಕೆ ನೀರು ಹಾಕ್ಬೇಕು ಅನ್ನೋದು ಗೊತ್ತಲ್ಲ?" ಎಂದು ಕೇಳಿ, ಅಣ್ಣನನ್ನು ಕರೆತರಲು ಸ್ಟೇಷನ್ನಿಗೆ ಹೊರಟುಹೋದಳು.

ಮೇಷ್ಟ್ರು ತರಕಾರಿ ಹೆಚ್ಚಿದರು, ಅಕ್ಕಿ ತೊಳೆದರು. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸುವುದು ಅವರ ಯೋಜನೆ. ಅಲ್ಯೂಮಿನಿಯಂ ಪಾತ್ರೆ ಇಟ್ಟು ಗುಂಡಿ ಒತ್ತಿದರು. ಸ್ಟವ್ 'ಪೀಂ ಪೀಂ' ಎಂದು ಅಳತೊಡಗಿತು. ತಾಮ್ರದ್ದು ಇಟ್ಟರು, ಅದಕ್ಕೂ ಪೀಂ. ಭಾವನ ಅಂಗಡಿಯ ಫಳಫಳ ಹೊಳೆಯುವ ಸ್ಟೀಲ್ ಪಾತ್ರೆಗೂ ಅದೇ ರಾಗ.

ಮೇಷ್ಟ್ರು ಹಣೆ ಚಚ್ಚಿಕೊಂಡರು. ಇಪ್ಪತ್ತು ವರ್ಷ ಹೇಳಿದ ಪಾಠ ಅಡುಗೆಮನೆಗೆ ಬಂದಾಗ ಮರೆತೇ ಹೋಗಿತ್ತು. ಈ ಸ್ಟವ್ವಿನಲ್ಲಿ ಬೆಂಕಿಯಿಲ್ಲ. ಕೆಳಗಿನ ಸುರುಳಿಯಲ್ಲಿ ಕರೆಂಟು ಹಿಂದೆ ಮುಂದೆ ಓಡಾಡುತ್ತದೆ. ಅದರಿಂದ ಕಾಂತಶಕ್ತಿ ಏರಿಳಿಯುತ್ತದೆ. ಆ ಏರಿಳಿತಕ್ಕೆ ಪಾತ್ರೆಯ ತಳದಲ್ಲೇ ಕರೆಂಟು ಹುಟ್ಟಿ ಪಾತ್ರೆ ತಾನಾಗಿ ಕಾಯುತ್ತದೆ. ಚಾಡಿ ಹೇಳುವವರು ತಣ್ಣಗೆ ಕೂತಿದ್ದು, ಕೇಳಿಸಿಕೊಂಡವರು ಕುದಿಯುತ್ತಾರಲ್ಲ, ಹಾಗೆ. ಆದರೆ ಎಲ್ಲ ಪಾತ್ರೆಯೂ ಇದಕ್ಕೆ ಆಗುವುದಿಲ್ಲ. ಮ್ಯಾಗ್ನೆಟ್ ಅಂಟುವ ಪಾತ್ರೆಯೇ ಬೇಕು. ಮನೆಯಲ್ಲಿ ಮ್ಯಾಗ್ನೆಟ್ ಅಂಟುವುದೆಂದರೆ ಕಬ್ಬಿಣದ ಕಾವಲಿ ಒಂದೇ. ಚಪ್ಪಟೆ ಕಾವಲಿಯ ಮೇಲೆ ಅನ್ನ ಮಾಡಲು ಯಾವ ಭೌತಶಾಸ್ತ್ರವೂ ಒಪ್ಪುವುದಿಲ್ಲ.

ಜೇಬಿಗೆ ಒಂದು ಮ್ಯಾಗ್ನೆಟ್ ಹಾಕಿಕೊಂಡು ಮೇಷ್ಟ್ರು ಮೆಟ್ಟಿಲಿಳಿದರು. ಕೆಳಗಿನ ಮನೆ ಓನರಮ್ಮನದು.

"ಅಮ್ಮಾ, ಒಂದು ಪಾತ್ರೆ ಬೇಕಿತ್ತು. ಮ್ಯಾಗ್ನೆಟ್ ಇಟ್ಟು ನೋಡಿ ತಗೋತೀನಿ."

ಓನರಮ್ಮ ಸಂತೋಷದಿಂದಲೇ ತನ್ನ ದೊಡ್ಡ ಸ್ಟೀಲ್ ಪಾತ್ರೆಯನ್ನು ತಂದಳು. ಮೇಷ್ಟ್ರು ಮ್ಯಾಗ್ನೆಟ್ ಇಟ್ಟರು. ಅದು ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ತಂದಳು, ಅದರ ಮೇಲೂ ಜಾರಿತು.

"ಪ್ಚ್, ಇದು ನಡೆಯಲ್ಲಮ್ಮಾ," ಎಂದರು ಮೇಷ್ಟ್ರು.

ಓನರಮ್ಮನ ಮುಖ ಕಪ್ಪಿಟ್ಟಿತು. "ನಡೆಯಲ್ಲ ಅಂದ್ರೆ? ಗುಜರಿಯವನು ಮ್ಯಾಗ್ನೆಟ್ ಇಟ್ಟು ನೋಡೋದನ್ನ ನಾನೂ ಕಂಡಿದೀನಿ ಮೇಷ್ಟ್ರೇ. ಅಂಟಿದ್ರೆ ಅಸಲಿ, ಅಂಟದಿದ್ರೆ ನಕಲಿ. ಅಂದ್ರೆ ನಿಮ್ಮ ಭಾವ ನಂಗೆ ನಕಲಿ ಸ್ಟೀಲ್ ಕೊಟ್ಟಿದಾನೆ!"

"ಅಯ್ಯೋ, ಹಾಗಲ್ಲಮ್ಮಾ. ಒಳ್ಳೇ ಸ್ಟೀಲಿಗೇ ಮ್ಯಾಗ್ನೆಟ್ ಅಂಟಲ್ಲ. ಅದರಲ್ಲಿ ನಿಕ್ಕಲ್ ಅಂತ ಒಂದು ಲೋಹ ಸೇರಿರುತ್ತೆ, ಅದರಿಂದ ಕಬ್ಬಿಣದ ಪರಮಾಣುಗಳ ಜೋಡಣೆ..."

"ಭಾವನ್ನ ಬಿಟ್ಕೊಡ್ತೀರಾ ನೀವು? ಸುತ್ತಿ ಬಳಸಿ ಮಾತಾಡಿದ್ರೆ ನಂಗೆ ತಿಳಿಯಲ್ಲ ಅನ್ಕೊಂಡ್ರಾ?" ಎಂದು ಓನರಮ್ಮ ಫೋನ್ ಕೈಗೆತ್ತಿಕೊಂಡಳು.

ಮೇಷ್ಟ್ರು ಎದುರುಮನೆಗೆ ಓಡಿದರು. ಅಲ್ಲಿ ಅತ್ತೆ, ಸೊಸೆ. ಅತ್ತೆಯ ಪಾತ್ರೆಗಳೆಲ್ಲ ಭಾವನ ಅಂಗಡಿಯವು; ಒಂದಕ್ಕೂ ಮ್ಯಾಗ್ನೆಟ್ ಅಂಟಲಿಲ್ಲ. ಸೊಸೆ ಸುಮ್ಮನಿರಬಾರದೇ? ತವರಿನಿಂದ ತಂದ ಹಳೆಯ ಪಾತ್ರೆಯೊಂದನ್ನು ಮೂಲೆಯಿಂದ ಎಳೆದು ತಂದಳು. ಮ್ಯಾಗ್ನೆಟ್ 'ಟಕ್' ಎಂದು ಕಚ್ಚಿಕೊಂಡಿತು.

"ಸಿಕ್ತು! ಇದೇ ಬೇಕಾಗಿದ್ದು!" ಎಂದು ಮೇಷ್ಟ್ರು ಕೂಗಿದರು.

ಹಾಗೆ ಕೂಗಬಾರದಿತ್ತು. ಸೊಸೆ ಅತ್ತೆಯ ಕಡೆ ನಿಧಾನಕ್ಕೆ ತಿರುಗಿದಳು. "ನೋಡಿದ್ರಾ ಅತ್ತೆ? ತವರಿನ ಪಾತ್ರೆ ತಗಡು ತಗಡು ಅಂತಿದ್ರಲ್ಲ. ಹೈಸ್ಕೂಲ್ ಮೇಷ್ಟ್ರೇ ಹೇಳಿದ್ರು, ಇಡೀ ಮನೇಲಿ ಇದೊಂದೇ ಅಸಲಿ!"

"ನಾನೆಲ್ಲಿ ಹಾಗಂದೆ?" ಎಂದರು ಮೇಷ್ಟ್ರು. ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ಒಂದು ಅಂದರೆ ಸೊಸೆ ಎರಡು ಅಂದಳು. ಹತ್ತು ನಿಮಿಷದ ಮೇಲೆ ಮೇಷ್ಟ್ರು ಮೆಲ್ಲಗೆ, "ಅಮ್ಮಾ, ಆ ಪಾತ್ರೆ ಒಂದು ಹೊತ್ತಿಗೆ ಸಿಗುತ್ತಾ?" ಎಂದರು.

"ಇದಾ? ಇಷ್ಟು ದಿನ ಗೊತ್ತಿರಲಿಲ್ಲ, ಹೊರಗಿಟ್ಟಿದ್ದೆ. ಇನ್ನು ಇದು ಬೀರುವಿಗೆ!" ಎಂದು ಸೊಸೆ ಪಾತ್ರೆಯನ್ನು ಒಳಗಿಟ್ಟು ಬೀಗ ಹಾಕಿದಳು.

ಸುರುಳಿಯ ಹತ್ತಿರ ಮ್ಯಾಗ್ನೆಟ್ ಅಲುಗಾಡಿಸಿದರೆ ಸಾಕು, ಮುಟ್ಟದಿದ್ದರೂ ಅದರಲ್ಲಿ ಕರೆಂಟು ಹುಟ್ಟುತ್ತದೆ ಎಂದು ಮೇಷ್ಟ್ರು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ದಿನ ಅವರು ಮ್ಯಾಗ್ನೆಟ್ ಹಿಡಿದು ಬೀದಿಯಲ್ಲಿ ಅತ್ತಿಂದಿತ್ತ ಓಡಾಡಿದ್ದೇ ಸಾಕಾಯಿತು. ಓನರಮ್ಮನ ಫೋನು ಮನೆಯಿಂದ ಮನೆಗೆ ಹರಿದು, ಬೀದಿಗೆ ಬೀದಿಯೇ ಕಾದಿತ್ತು. ಟೈಲರ್ ಹೆಂಡತಿ ಬಕೆಟ್ ಹಿಡಿದು ಬಂದಳು, ಪೋಸ್ಟ್‌ಮನ್ ಟಿಫಿನ್ ಡಬ್ಬಿ ತಂದ. "ಮೇಷ್ಟ್ರೇ, ಇದನ್ನೊಂಚೂರು ನೋಡಿ" ಎನ್ನುವವರ ಸಾಲು ಗೇಟಿನವರೆಗೂ ಬೆಳೆಯಿತು. ಜಾರಿದ ಮ್ಯಾಗ್ನೆಟ್ಟಿಗೊಂದು ಶಾಪ, ಶಾಪವೆಲ್ಲ ಭಾವನ ತಲೆಗೆ. "ಇವತ್ತು ಬರ್ತಿದಾನಂತೆ ಅಲ್ವಾ? ಬರ್ಲಿ!" ಎಂದು ಎಲ್ಲರೂ ಪಾತ್ರೆ ಹಿಡಿದು ಗೇಟಿನಲ್ಲೇ ನಿಂತರು.

ಮೇಷ್ಟ್ರು ಜನರ ನಡುವಿನಿಂದ ನುಸುಳಿ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕೂತರು. ಅಡುಗೆಯಾಗಲಿಲ್ಲ, ಭಾವ ಬರುವ ಹೊತ್ತಾಯಿತು, ಮೇಲೆ ಅವನ ಮರ್ಯಾದೆ ಬೇರೆ ಬೀದಿಪಾಲು. ಇನ್ನು ಜೀವಮಾನವಿಡೀ ಆ ಒಂದು ಲೋಟ ನೀರಿನ ಮಾತನ್ನು ಕೇಳಬೇಕು. ಅಳು ಬರುವಷ್ಟು ಬೇಸರವಾಯಿತು. ಕೈಲಿದ್ದ ಮ್ಯಾಗ್ನೆಟ್ಟನ್ನು ಬೇಸರದಲ್ಲೇ ಎಸೆದರು.

'ಟಕ್' ಎಂಬ ಸದ್ದಾಯಿತು.

ಎದುರಿಗೆ ಓನರಮ್ಮನ ನಾಯಿ ದೊರೆ ಮಲಗಿತ್ತು. ಹೆಸರಿಗೆ ತಕ್ಕ ಗಾತ್ರ. ಅದರ ಮುಂದೆ ಅದರ ಊಟದ ಪಾತ್ರೆ. ಪಾತ್ರೆಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿಕೊಂಡು ನಿಂತಿತ್ತು.

ಮೇಷ್ಟ್ರು ಪಾತ್ರೆ ನೋಡಿದರು. ದೊರೆ ಮೇಷ್ಟ್ರನ್ನು ನೋಡಿತು. ಮೇಷ್ಟ್ರು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಒಂದು ಹೊತ್ತಿಗೆ ಮಾತ್ರ ಕಣೋ," ಎಂದು ಪಿಸುಗುಟ್ಟಿ ಪಾತ್ರೆಯನ್ನು ಎತ್ತಿಕೊಂಡು ಮೇಲೋಡಿದರು.

ಬೆವರಿಗೆ ಜಾರುತ್ತಿದ್ದ ಕನ್ನಡಕವನ್ನು ತೆಗೆದಿಟ್ಟು, ಒಳಗೂ ಹೊರಗೂ ಮಣ್ಣು ಹೋಗುವವರೆಗೆ ಉಜ್ಜಿದರು. ಮನಸ್ಸಿಗೆ ಸಮಾಧಾನವಾಗಲೆಂದು ಮೂರು ಸಲ ನೀರು ಕುದಿಸಿ ಚೆಲ್ಲಿದರು. ಸ್ಟವ್ ಈ ಸಲ ಅಳಲಿಲ್ಲ; ತೃಪ್ತಿಯಿಂದ ಗುಂಯ್‌ಗುಟ್ಟಿತು. ಅಕ್ಕಿ, ತರಕಾರಿ, ಉಪ್ಪು, ಮೆಣಸು, ಕೊನೆಗೊಂದಿಷ್ಟು ತುಪ್ಪ. ಘಮ್ಮೆನ್ನುವ ಪರಿಮಳ ಎದ್ದಾಗ ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಗೇಟಿನಲ್ಲಿ ಗದ್ದಲ. ಭಾವ ಬಂದಿದ್ದ. ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಹತ್ತಾರು ಪಾತ್ರೆಗಳು ಭಾವನ ಮೂಗಿನ ಮುಂದೆ ಆಡುತ್ತಿದ್ದವು. ಭಾವ ಗಾಬರಿಯಾಗಲಿಲ್ಲ. ಪೂರ್ತಿ ಕೇಳಿ, ಹೊಟ್ಟೆ ಕುಲುಕಿಸಿ ನಕ್ಕ.

"ಅಯ್ಯೋ ತಾಯಂದಿರಾ! ಅಂಟದ್ದೇ ಒಳ್ಳೇ ಸ್ಟೀಲು! ಅಂಟೋದು ಕಮ್ಮಿ ಮಾಲು! ಪಾತ್ರೆ ಮಾರಿ ಕೂದಲು ನೆರೆತಿದೆ, ಸುಳ್ಳು ಹೇಳ್ತೀನಾ?"

"ಹೌದಾ? ಹಾಗಾದ್ರೆ ಸರಿ ಬಿಡಿ," ಎಂದಳು ಓನರಮ್ಮ. ಎಲ್ಲರೂ ಪಾತ್ರೆಗಳನ್ನು ಎದೆಗವಚಿಕೊಂಡು ನಗುನಗುತ್ತ ಮನೆಗೆ ನಡೆದರು. ಎದುರುಮನೆ ಅತ್ತೆಯ ನಡಿಗೆಯಲ್ಲಂತೂ ಒಂದು ಕುಣಿತವೇ ಇತ್ತು.

"ಬೆಳಿಗ್ಗೆಯಿಂದ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವಾ!" ಎಂದು ಮೇಷ್ಟ್ರು ಕಿಟಕಿಗೆ ಹೇಳಿದರು.

ಊಟ ಮಾತ್ರ ಮೇಷ್ಟ್ರ ಕಡೆಗಿತ್ತು. ಭಾವ ಮೊದಲ ತುತ್ತಿಗೆ ಹುಬ್ಬೇರಿಸಿದ, ಎರಡನೆಯದಕ್ಕೆ ತಲೆದೂಗಿದ, ಮೂರನೆಯ ಸಲ ಬಡಿಸಿಕೊಂಡಾಗ, "ಮೇಷ್ಟ್ರೇ, ನನ್ನ ಮಾತು ವಾಪಸ್ ತಗೊಂಡೆ," ಎಂದ. ಹೆಂಡತಿ ಗಂಡನನ್ನು ಹೊಸದಾಗಿ ನೋಡಿದಂತೆ ನೋಡಿದಳು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಪಾತ್ರೆ ಖಾಲಿಯಾಯಿತು. ವ್ಯಾಪಾರಿಯ ಕೈ ಸುಮ್ಮನಿರುತ್ತದೆಯೇ? ಭಾವ ಅದನ್ನು ಎತ್ತಿ, ಬೆರಳಿನಿಂದ ಬಾರಿಸಿ, ಮಗುಚಿ ತಳ ನೋಡಿದ. ಅವನ ಮುಖ ಮೆತ್ತಗಾಯಿತು.

"ತಂಗೀ, ನೋಡೇ ಇಲ್ಲಿ! ಸ್ಟವ್ ಪೆಟ್ಟಿಗೇಲಿ ನಾನಿಟ್ಟು ಕಳಿಸಿದ್ದ ಪಾತ್ರೆ! ಇದಕ್ಕೇ ಅಂತ ಹುಡುಕಿ ತರಿಸಿ, ನನ್ನ ಕೈಯಾರೆ ಹೆಸರು ಕೊರೆದಿದ್ದು." ತಳದಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ, 'ತಂಗಿಗೂ ಮೇಷ್ಟ್ರಿಗೂ, ಅಣ್ಣನ ಪ್ರೀತಿಯಿಂದ' ಎಂದಿತ್ತು. "ಇಷ್ಟು ಜೋಪಾನವಾಗಿ ಇಟ್ಕೊಂಡಿದೀರಲ್ಲ ಮೇಷ್ಟ್ರೇ!"

ಮೇಷ್ಟ್ರ ತಲೆ ಗಿರ್ರೆಂದಿತು. ದೊರೆಯ ಪಾತ್ರೆಗೆ ತಮ್ಮ ಹೆಸರು ಹೇಗೆ ಬಂತೋ ತಿಳಿಯಲಿಲ್ಲ. ಆದರೆ ಹೊಗಳಿಕೆ ಬಾಗಿಲಿಗೆ ಬಂದಾಗ ಹೇಗೆ ಬಂದೆ ಎಂದು ಯಾರಾದರೂ ಕೇಳುತ್ತಾರೆಯೇ? "ಏನೋ ಭಾವ," ಎಂದು ತಲೆ ತಗ್ಗಿಸಿದರು. "ನೀವು ಪ್ರೀತಿಯಿಂದ ಕೊಟ್ಟಿದ್ದು. ಕಂಡಕಂಡವರ ಬಾಯಿ ತಾಗದ ಹಾಗೆ ತೆಗೆದಿಟ್ಟಿದ್ದೆ."

ಭಾವ ಕಣ್ಣೊರೆಸಿಕೊಂಡ. ಅದೇ ಹೊತ್ತಿಗೆ ದೊರೆ ಬಾಗಿಲಲ್ಲಿ ಕಾಣಿಸಿಕೊಂಡಿತು. ನೇರವಾಗಿ ಒಳಗೆ ಬಂದು, ಭಾವನ ಪಕ್ಕದಲ್ಲಿ ಕೂತು, ಅವನ ಕೈಲಿದ್ದ ಪಾತ್ರೆಯನ್ನೇ ನೋಡಿತು. ಹಿಂದೆಯೇ ಏದುಸಿರು ಬಿಡುತ್ತ ಓನರಮ್ಮ.

"ಮೇಷ್ಟ್ರೇ, ನಮ್ಮ ದೊರೆ ಊಟದ ಪಾತ್ರೆ ಏನಾದ್ರೂ... ಓ, ಇಲ್ಲೇ ಇದೆ! ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅದು. ಬೇರೆ ಪಾತ್ರೆಗೆ ಹಾಕಿದ್ರೆ ಮೂಸೋದೇ ಇಲ್ಲ. ಹೋದ್ವರ್ಷ ನೀವು ಕೊಟ್ಟಾಗಿನಿಂದ ಇದೊಂದರಲ್ಲೇ ತಿನ್ನೋದು."

"ನಾನು ಕೊಟ್ಟಿದ್ದಾ?" ಮೇಷ್ಟ್ರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಮರೆತ್ರಾ? ಸ್ಟವ್ ಪೆಟ್ಟಿಗೆ ಬಿಚ್ಚಿದ ದಿನ. 'ಸ್ಟವ್ ಜೊತೆ ಪುಕ್ಕಟೆ ಬಂದ ಪಾತ್ರೆ, ನಿಮ್ಮ ನಾಯಿಗಾದ್ರೂ ಆಗುತ್ತೆ ತಗೊಳ್ಳಿ' ಅಂದ್ರಲ್ಲ."

ದೊರೆ ಭಾವನ ಕೈಲಿದ್ದ ಪಾತ್ರೆಗೆ ಮುಖ ಹಾಕಿ, ಉಳಿದಿದ್ದ ಅಗುಳನ್ನು ನಿಧಾನವಾಗಿ ನೆಕ್ಕತೊಡಗಿತು. ಹೆಂಡತಿ ಸೌಟು ಹಿಡಿದು, ಬಹಳ ಮೃದುವಾಗಿ ಕೇಳಿದಳು: "ಅಣ್ಣಾ, ತಟ್ಟೆಲಿರೋದನ್ನ ಮುಗಿಸ್ತೀಯಾ, ದೊರೆಗೆ ಹಾಕ್ಲಾ?"

ಭಾವ ಮೊದಲು ಕೆಮ್ಮಿದ. ಆಮೇಲೆ ನಗಲು ಶುರುಮಾಡಿದವನು ಸಂಜೆಯ ರೈಲು ಹತ್ತುವವರೆಗೂ ನಿಲ್ಲಿಸಲಿಲ್ಲ. ಒಂದು ಲೋಟ ನೀರಿನ ಹಳೆಯ ಮಾತು ಅಂದಿಗೆ ಮುಗಿಯಿತು, ನಿಜ. ಅದನ್ನು ಹೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಹೊಸ ಕತೆಗೆ ಈಗ ಒಂದು ಪೂರ್ತಿ ಊಟದ ಹೊತ್ತು ಬೇಕು, ಮತ್ತು ನೆಂಟರು ಎರಡನೇ ಸಲವೂ ಹೇಳಿಸುತ್ತಾರೆ.

ಮುಂದಿನ ವಾರ ಭಾವನಿಂದ ಒಂದು ಪಾರ್ಸೆಲ್ ಬಂತು. ಈ ಸಲ ಮೇಷ್ಟ್ರು ಆತುರಪಡಲಿಲ್ಲ. ಒಳಗಿದ್ದ ಎರಡು ಪಾತ್ರೆಗಳನ್ನೂ ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಮ್ಯಾಗ್ನೆಟ್ ತಂದರು. ಒಂದು ದಪ್ಪ ತಳದ, ಭಾರವಾದ, ಚೆಂದದ ಪಾತ್ರೆ. ಮ್ಯಾಗ್ನೆಟ್ 'ಟಕ್' ಎಂದು ಅಂಟಿತು. ಮೇಷ್ಟ್ರು ಖುಷಿಯಿಂದ ಮಗುಚಿ ಓದಿದರು: 'ದೊರೆಗೆ, ಪ್ರೀತಿಯಿಂದ.'

ಇನ್ನೊಂದು ಹಗುರವಾದ ಅಲ್ಯೂಮಿನಿಯಂ ಪಾತ್ರೆ. ಅದರ ತಳದಲ್ಲಿ ಮೇಷ್ಟ್ರ ಹೆಸರಿತ್ತು.