ನಾನೇ ಆರಿಸಿದ ಯಂತ್ರ

ನಮ್ಮ ಮನೆಯಲ್ಲಿ ಆರಿಸುವ ಅಧಿಕಾರ ನನಗಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ನಿಮ್ಮ ಮಾಹಿತಿಗಾಗಿ ಹೇಳುತ್ತಿದ್ದೇನೆ. (ದೂರು ಎಂದೇ ತಿಳಿದುಕೊಂಡರೂ ನನ್ನ ಅಭ್ಯಂತರವಿಲ್ಲ.) ನಾನು ಆರಿಸಿ ತಂದ ಬದನೆಕಾಯಿಯಲ್ಲಿ ಹುಳು ಇರುತ್ತದೆ, ನಾನು ಆರಿಸಿದ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ, ನಾನು ಆರಿಸಿ ಹತ್ತಿದ ಬಸ್ಸು ಮಳಖೇಡ ದಾಟುವ ಮೊದಲೇ ಕೆಟ್ಟು ನಿಲ್ಲುತ್ತದೆ. ಇದು ನನ್ನ ಹೆಂಡತಿ ವೃಂದಾಳ ವಾದ. ಸೇಡಂನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಧೀರೇಂದ್ರ ಮಾಸ್ತರೆಂದರೆ ಊರಲ್ಲಿ ನಾಲ್ಕು ಜನ ಕೈ ಮುಗಿಯುತ್ತಾರೆ. ಹೊಸ್ತಿಲು ದಾಟಿ ಒಳಗೆ ಬಂದೊಡನೆ ಆ ಮರ್ಯಾದೆಯೆಲ್ಲ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತದೆ.

ನನಗಿಲ್ಲದ ಆ ಅಧಿಕಾರ ಇಡಿಯಾಗಿ ಇರುವುದು ಅವಳ ತಮ್ಮ ವಿಠ್ಠಲನ ಕೈಯಲ್ಲಿ. ಅವನು ಆದಿತ್ಯನಗರದಲ್ಲಿ ನೌಕರಿಗಿದ್ದಾನೆ. ನಮ್ಮ ಮಿಕ್ಸರ್ ಆರಿಸಿದವನು ಅವನು, ಟಿವಿ ಆರಿಸಿದವನು ಅವನು, ನನ್ನ ಮೂಗಿನ ಮೇಲೆ ಕುಳಿತಿರುವ ಚಷ್ಮಾದ ಫ್ರೇಮು ಆರಿಸಿದವನೂ ಅವನೇ. ಅದರಲ್ಲಿ ಒಂದಾದರೂ ಕೆಟ್ಟುಹೋಗಿದ್ದರೆ ನಾನು ಅವನನ್ನು ಪ್ರೀತಿಯಿಂದ ಕ್ಷಮಿಸಿಬಿಡುತ್ತಿದ್ದೆ. ಯಾವುದೂ ಕೆಡುವುದಿಲ್ಲ. ಮೇಲಾಗಿ ಅವನು ಒಳ್ಳೆಯವನು. ಒಳ್ಳೆಯ ಭಾವಮೈದುನನ ಮೇಲೆ ಸಿಟ್ಟು ಇಟ್ಟುಕೊಂಡು ಬಾಳುವುದು ಎಂಥ ಶ್ರಮದ ಕೆಲಸ ಎಂಬುದು ಅನುಭವಿಸಿದವರಿಗೇ ಗೊತ್ತು.

ಸೇಡಂನ ಹೊರಗೆ ನೌಕರರ ಸಂಘದವರು ಲೇಔಟು ಹಾಕಿದಾಗ ವಿಠ್ಠಲನ ಮಾತಿನ ಮೇಲೆಯೇ ನಾನೊಂದು, ಅವನೊಂದು ಎಂದು ಅಕ್ಕಪಕ್ಕದ ಎರಡು ನಿವೇಶನ ಹಿಡಿದಿದ್ದೆವು. ಅಳತೆ ಮಾಡಿ ನಾಲ್ಕು ಮೂಲೆಗೆ ಗಡಿ ಗುರುತಿಗೆಂದು ಫರಸಿ ಕಲ್ಲು ನೆಡುವ ದಿನ ನಾನು ಕಲಬುರಗಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ವಿಠ್ಠಲನೇ ನಿಂತು ನೆಡಿಸಿದ. ಆಮೇಲೆ ಅಲ್ಲಿ ಜಾಲಿ ಬೆಳೆಯಿತು. ಎಂಥ ಜಾಲಿ ಅಂತೀರಿ, ಆನೆ ಒಳಗೆ ಹೋದರೆ ಬಾಲವೂ ಕಾಣುತ್ತಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಮನೆ ಕಟ್ಟುವ ಯೋಗ ಬಂತು. ನಮ್ಮ ಆಚಾರ್ಯರು ಜ್ಯೇಷ್ಠದಲ್ಲಿ ಭೂಮಿಪೂಜೆಗೆ ಮುಹೂರ್ತ ತೆಗೆದುಕೊಟ್ಟು, ಇದು ತಪ್ಪಿದರೆ ಆಷಾಢ, ಚಾತುರ್ಮಾಸ ಎಲ್ಲ ಕಳೆದು ಕಾರ್ತೀಕದ ಆಚೆಗೇ ಎಂದು ಎಚ್ಚರಿಸಿದರು. ಮನೆಯ ನಕ್ಷೆಯನ್ನು ಯಾರು ಆರಿಸಿದರು ಎಂದು ನೀವು ಕೇಳಬೇಕಾಗಿಲ್ಲ. ಅದರಲ್ಲಿ ಉತ್ತರಕ್ಕೆ ಕಿಟಕಿ ಇದ್ದ ಒಂದು ಸಣ್ಣ ಕೋಣೆಯಿತ್ತು. ಅದರ ಮೇಲೆ ವಿಠ್ಠಲ 'ಸ್ಟೋರ್ ರೂಮ್' ಎಂದು ಬರೆಸಿದ್ದ. ನನ್ನ ಪುಸ್ತಕ, ನನ್ನ ಗ್ಲೋಬು, ಒಂದು ಆರಾಮ ಕುರ್ಚಿ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಬೇಕೆಂದು ಮದುವೆಯಾದಂದಿನಿಂದ ನನಗೆ ಆಸೆ. ಆ ಕೋಣೆ ನೋಡಿದಾಗಿನಿಂದ ನನ್ನ ಜೀವವೆಲ್ಲ ಅದರಲ್ಲೇ ಇತ್ತು.

"ಜಾಗ ಸಾಫ್ ಮಾಡಸಬೇಕಲ್ಲ, ವಿಠ್ಠಲಗ ಫೋನ್ ಮಾಡ್ತೀನಿ," ಎಂದಳು ವೃಂದಾ.

ನಾನು ನಕ್ಷೆ ಮಡಚಿಟ್ಟೆ. "ಬ್ಯಾಡ. ಈ ಒಂದು ಕೆಲಸ ನಾ ಮಾಡ್ತೀನಿ. ಯಂತ್ರ ನಾನ ಆರಿಸ್ತೀನಿ."

"ನೀವಾ?"

"ಯಾಕ, ನಾ ಮನುಷ್ಯ ಅಲ್ಲೇನು?"

"ಮನುಷ್ಯರ ಇದ್ದೀರಿ. ಅದಕ್ಕ ಚಿಂತಿ ಮಾಡ್ಲಿಕತ್ತೀನಿ."

"ಹಂಗಿದ್ರ ಕರಾರು ಮಾಡೋಣು. ನಾ ಆರಿಸಿದ ಯಂತ್ರದಿಂದ ಜಾಗ ಚೊಲೊ ಆತಂದ್ರ ಆ ಸ್ಟೋರ್ ರೂಮ್ ನನಗ. ನನ್ನ ಪುಸ್ತಕ ಅಲ್ಲಿ ಇರ್ತಾವ, ನಾ ಅಲ್ಲಿ ಇರ್ತೀನಿ."

"ಕೆಡಸಿದ್ರ?"

"ಕೆಡಸಿದ್ರ ಮನಿ ಪೂರಾ ವಿಠ್ಠಲ ಹೇಳಿದಂಗ. ನಾ ಬಾಯಿ ತೆಗ್ಯಂಗಿಲ್ಲ."

ಉಕ್ಕಲು ಬಂದ ಹಾಲನ್ನು ನೋಡುವಂತೆ ನನ್ನನ್ನು ನೋಡಿ, "ಆತು," ಎಂದಳು.

ಅಲ್ಲಿಂದ ಶುರುವಾಯಿತು ನನ್ನ ದಿಗ್ವಿಜಯ ಯಾತ್ರೆ. ಬೇಸಿಗೆ ರಜೆ ಬೇರೆ. ಮೊದಲು ಸುಲೇಪೇಟಕ್ಕೆ ಹೋಗಿ, ಮುಂದೆ ಬ್ಲೇಡು ಕಟ್ಟಿದ ಟ್ರ್ಯಾಕ್ಟರ್ ನೋಡಿದೆ. ಅದರ ಮಾಲೀಕ ಪ್ರಾಮಾಣಿಕ ಮನುಷ್ಯ. "ಜಾಲಿ ಬುಡ ಇದಕ್ಕ ಬಗ್ಗಂಗಿಲ್ರಿ ಸರ್, ಗಾಡೀನ ಎದ್ದು ನಿಂದರ್ತದ," ಎಂದ. ಚಿತ್ತಾಪುರದಲ್ಲಿ ಕಾಶೀನಾಥ ಎಂಬುವವರ ಜೆಸಿಬಿ ನೋಡಿದೆ. ಒಂದು ಗಿಡ ಕಿತ್ತರೆ ಅಲ್ಲಿ ಒಂದು ಬಾವಿ ಬೀಳುತ್ತಿತ್ತು. ಅದೂ ಅಲ್ಲದೆ ಟಯರಿನ ಗಾಡಿ. ನಮ್ಮ ಎರಿ ಭೂಮಿಯ ಕಪ್ಪು ಜಿಗುಟು ಮಣ್ಣಿಗೆ ಒಂದು ಮಳೆ ಬಿತ್ತೆಂದರೆ ಹೊಟ್ಟೆಯ ತನಕ ಹೂತುಕೊಳ್ಳುತ್ತದೆ. ಶಹಾಬಾದಿನ ಕಲ್ಲು ಗಣಿಯಲ್ಲಿ ಬುಲ್ಡೋಜರ್ ಇತ್ತು. ನಮ್ಮ ಜಾಗದ ಉದ್ದಗಲ ಹೇಳಿದೆ. ಅಲ್ಲಿಯ ಮುನೀಮ ಮರ್ಯಾದಸ್ಥ, ನಗದೆ ತಡೆದುಕೊಂಡು, "ಇದು ಅಲ್ಲಿ ಹೊಳ್ಳಬೇಕಂದ್ರ ಆಜೂಬಾಜೂ ನಾಕು ಮಂದಿ ಜಾಗ ಬೇಕಾಗ್ತದ್ರಿ," ಎಂದ.

ಮನೆಗೆ ಬಂದರೆ ಓಣಿಯವರ ಸಲಹೆ. ಒಬ್ಬರು ಬೆಂಕಿ ಹಚ್ಚಿ ಎಂದರು, ಇನ್ನೊಬ್ಬರು ಆಡು ಬಿಡಿ ಎಂದರು. ನಾನು ಎಷ್ಟು ಸೊರಗಿದೆನೆಂದರೆ ನನ್ನ ಬೆಲ್ಟಿನ ತೂತುಗಳು ಸಾಲದೆ ವಿಠ್ಠಲ ಹೊಸದೊಂದು ಆರಿಸಿ ತಂದುಕೊಟ್ಟ.

ಇನ್ನು ಕೈ ಚೆಲ್ಲಿ ಕೂಡಬೇಕು ಎನ್ನುವಷ್ಟರಲ್ಲಿ ವಾಡಿಯಲ್ಲಿ ಅದು ಕಣ್ಣಿಗೆ ಬಿತ್ತು. ಬಸವಂತರಾಯರೆಂಬ ಗುತ್ತಿಗೆದಾರರ ಅಂಗಳದಲ್ಲಿ ನಿಂತಿತ್ತು. ಗಿಡ್ಡ ಮೈ, ಮುಂದೊಂದು ಬಕೆಟ್ಟು, ಡ್ರೈವರ್ ಕೂಡಲು ಪಂಜರದಂಥ ಗೂಡು, ಟಯರಿನ ಬದಲು ಎರಡೂ ಬದಿಗೆ ಅಗಲವಾದ ರಬ್ಬರಿನ ಚೈನು. ಸಣ್ಣ ಚೈನ್ ಲೋಡರ್. ನನ್ನ ಎದುರಿಗೇ ಅದು ನಿಂತಲ್ಲೇ ಒಂದು ಸುತ್ತು ತಿರುಗಿತು. ಕನ್ಯೆ ನೋಡಲು ಹೋದ ದಿನವೂ ನನ್ನ ಎದೆ ಹಾಗೆ ಬಡಿದುಕೊಂಡಿರಲಿಲ್ಲ.

ಆದರೆ ಬಸವಂತರಾಯರ ಬಳಿ ಅಂಥವು ಎರಡಿದ್ದವು. ಒಂದಕ್ಕೆ ಸಣ್ಣ ಚೈನು, ಇನ್ನೊಂದಕ್ಕೆ ಅಗಲ ಚೈನು. ಬಕೆಟ್ಟಿನಲ್ಲೂ ಎರಡು ಜಾತಿ, ಹಲ್ಲಿನದು, ಹಲ್ಲಿಲ್ಲದ್ದು. ಯಾವುದನ್ನು ಆರಿಸಲಿ ಎಂದು ನಿದ್ದೆ ಕೆಟ್ಟಿತು. ಕೊನೆಗೆ ವಿಜ್ಞಾನದ ಮೊರೆ ಹೊಕ್ಕು, ಹಲ್ಲಿನ ಬಕೆಟ್ಟು, ಅಗಲ ಚೈನು ಎಂದು ತೀರ್ಮಾನಿಸಿ, ಅಗಲ ಚೈನು ಏಕೆ ಶ್ರೇಷ್ಠ ಎಂಬುದನ್ನು ವೃಂದಾಳಿಗೆ ತಿಳಿಸಿ ಹೇಳಲು ಅಡುಗೆ ಮನೆಗೆ ಹೋದೆ. ಅವಳು ಹಿಟ್ಟು ನಾದಿಟ್ಟಿದ್ದಳು.

"ನೋಡು, ಬೆರಳಲೆ ಒತ್ತಿದ್ರ ಒಳಗ ಹೋಗ್ತದ. ಅಂಗೈ ಇಟ್ರ ಹೋಗಂಗಿಲ್ಲ. ಭಾರ ಹಂಚಿ ಹೋಗ್ತದ," ಎಂದು ಹಿಟ್ಟಿನಲ್ಲಿ ಬೆರಳೂರಿ ತೋರಿಸಿದೆ.

ಅವಳು ಮಡಿಯಲ್ಲಿದ್ದಳು. ಅದು ನೈವೇದ್ಯದ ಹಿಟ್ಟು.

ಮುಂದಿನದನ್ನು ಬರೆಯುವುದಿಲ್ಲ. ಎರಡನೆಯ ಸಲ ಹಿಟ್ಟು ನಾದುವಾಗ ಅವಳು ಹೇಳಿದ ಕೊನೆಯ ಮಾತನ್ನಷ್ಟೇ ಹೇಳುತ್ತೇನೆ. "ಚೈನು ಅಗಲ ಇರ್ಲಿ, ಸಣ್ಣದಿರ್ಲಿ. ಎರಡು ಜಾಗದಾಗ ನಮ್ದು ಯಾವುದಂತ ಒಮ್ಮೆ ವಿಠ್ಠಲನ್ನ ಕರಕೊಂಡ್ ಹೋಗಿ ನೋಡ್ಕೊಂಡ್ ಬರ್ರಿ."

"ಭೂಗೋಳದ ಮಾಸ್ತರಿಗೆ ದಿಕ್ಕು ತೋರಸ್ಲಿಕ್ಕ ನಿನ್ನ ತಮ್ಮ ಬೇಕೇನು? ಬೇವಿನ ಗಿಡದ ಕಡೆದು ನಮ್ದು."

ಅದು ನನಗೆ ಖಾತ್ರಿಯಿತ್ತು. ಯಾರೂ ಹೇಳಿರಲಿಲ್ಲ ನಿಜ. ಆದರೆ ನೆರಳಿರುವ ಜಾಗವನ್ನು ಅಕ್ಕನಿಗೆ ಬಿಟ್ಟುಕೊಡದ ತಮ್ಮ ಲೋಕದಲ್ಲಿ ಎಲ್ಲಿದ್ದಾನೆ? ಹೀಗೆ ತರ್ಕದಿಂದ ಜಾಗ ತೀರ್ಮಾನವಾಯಿತು. ಯಂತ್ರಕ್ಕೆ ಒಂದು ತಿಂಗಳು ತೆಗೆದುಕೊಂಡವನು ಜಾಗಕ್ಕೆ ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಮುಹೂರ್ತಕ್ಕೆ ಎರಡು ದಿನ ಇರುವಾಗ ವಾಡಿಯಿಂದ ಲಾರಿಯ ಮೇಲೆ ಸವಾರಿ ಬಂತು. ಹಿಂದಿನ ದಿನ ಮಳೆಯಾಗಿತ್ತು. ಲಾರಿ ಲೇಔಟಿನ ಬಾಯಲ್ಲೇ ಹೂತು ನಿಂತಿತು. ಆಗ ನನ್ನ ಯಂತ್ರ ಮೆಲ್ಲಗೆ ಹಲಗೆಯ ಮೇಲಿಂದ ಇಳಿದು, ಆ ಕೆಸರಿನ ಮೇಲೆ ಏನೂ ಆಗದವರಂತೆ ನಡೆದುಹೋಯಿತು. ಅದನ್ನು ನೋಡಲು ವಿಠ್ಠಲ ಅಲ್ಲಿರಬೇಕಿತ್ತು. ನಾನು ಛತ್ರಿಯನ್ನು ಸೇನಾಪತಿಯ ಹಾಗೆ ಚಾಚಿ ಬೇವಿನ ಗಿಡದ ಕಡೆಗೆ ತೋರಿಸಿದೆ.

ಡ್ರೈವರ್ ಅಬ್ದುಲ್ ಕರೀಮ್ ಸ್ವಲ್ಪ ಹೊತ್ತಿನಲ್ಲೇ ಗಾಡಿ ನಿಲ್ಲಿಸಿದ. "ಸರ್, ಮೂಲ್ಯಾಗ ಫರಸಿ ಕಲ್ಲು ನೆಟ್ಟಾವ. ಹದ್ದಿನ ಕಲ್ಲು ಇದ್ದಂಗ ಕಾಣಾಕತ್ತಾವ. ಬಿಡ್ಲೇನ್ರಿ?"

"ಒಂದು ಕಲ್ಲೂ ಉಳೀಬಾರದು. ನೆಲ ಅಂಗೈ ಹಂಗ ಆಗಬೇಕು."

"ಕಸ ಎಲ್ಲಿ ಹಾಕ್ಲಿ?"

ನಾನು ಪಕ್ಕದ ಜಾಗದ ಕಡೆಗೆ ನೋಡಿದೆ. ವಿಠ್ಠಲನ ಜಾಗ. ಅಲ್ಲಿ ಮೊದಲೇ ಜಾಲಿ ಇತ್ತು, ಇನ್ನಷ್ಟು ಬಿದ್ದರೆ ಯಾರಿಗೆ ತಿಳಿಯುತ್ತದೆ? ತಿಳಿದರೂ ಏನಾಯಿತು, ಅವನೂ ಒಮ್ಮೆ ಯಂತ್ರ ಆರಿಸುವ ಸುಖ ಅನುಭವಿಸಲಿ. "ಬಾಜೂಕ ಹಾಕು," ಎಂದೆ. ಹಾಕಿದ. ಬೊಡ್ಡೆ, ಬೇರು, ಮುಳ್ಳು, ಕಲ್ಲು, ಮಣ್ಣು ಎಲ್ಲ ಸೇರಿ ಗುಡ್ಡವೇ ಆಯಿತು. ಜಾರಿ ಈಚೆ ಬರಬಾರದೆಂದು ಅದರ ಮೇಲೆ ಗಾಡಿ ಹತ್ತಿಸಿ ನಾಲ್ಕು ಸಲ ಗಟ್ಟಿಯಾಗಿ ತುಳಿಸಿದೆ. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿಸಿದವನಲ್ಲ.

ಸಂಜೆ ಯಂತ್ರ ಹೋದ ಮೇಲೆ ವೃಂದಾ ಬಂದಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು. ಒಂದು ಮುಳ್ಳು ಚುಚ್ಚಲಿಲ್ಲ, ಒಂದು ಕಲ್ಲು ತಾಗಲಿಲ್ಲ. "ಚೊಲೊ ಮಾಡಸೀರಿ," ಎಂದಳು.

ನನಗೆ ಕಣ್ಣು ತುಂಬಿ ಬಂದವು. ಹೋಗಿ, ಉತ್ತರದ ಕಿಟಕಿ ಎಲ್ಲಿ ಬರುತ್ತದೆ, ಕುರ್ಚಿ ಎಲ್ಲಿ ಬರುತ್ತದೆ ಎಂದು ನಿಂತು ತೋರಿಸಿದೆ.

ಭೂಮಿಪೂಜೆಯ ದಿನ ಶಾಮಿಯಾನ ಹಾಕಿಸಿದ್ದೆವು. ಬಳಗವೆಲ್ಲ ಬಂದಿತ್ತು. ಆದಿತ್ಯನಗರದಿಂದ ವಿಠ್ಠಲ, ಅವನ ಹೆಂಡತಿ ಪ್ರಮಿತಾ ಆಗಷ್ಟೇ ಬಂದಿಳಿದಿದ್ದರು. ಆಚಾರ್ಯರು ಕಲಶ ಇಡುತ್ತಿದ್ದರು. ಮನೆ ಕಟ್ಟುವ ಗೌಂಡಿಗೆ ಜಾಗದ ಹದ್ದು ತೋರಿಸಿ ದಾರ ಹಿಡಿಸಲು ಸಂಘದ ಕಾರ್ಯದರ್ಶಿ ಗುರುಲಿಂಗಯ್ಯನವರು ಟೇಪು ಹಿಡಿದುಕೊಂಡು ಬಂದಿದ್ದರು. ಕಲ್ಲು ಹುಡುಕಿದರು. ಕಲ್ಲಿರಲಿಲ್ಲ. ರಸ್ತೆಯ ಮೂಲೆಯಿಂದ ಅಳೆದುಕೊಂಡು ಬಂದರು. ಮತ್ತೆ ಹೋಗಿ ಇನ್ನೊಮ್ಮೆ ಅಳೆದರು.

"ಮಾಸ್ತರ, ಇದು ನಿಮ್ಮ ಜಾಗ ಅಲ್ರಿ. ಇದು ವಿಠ್ಠಲರಾಯರದು."

"ಮತ್ತ ನಂದು?" ಎಂದೆ.

ಗುರುಲಿಂಗಯ್ಯನವರು ಗುಡ್ಡದ ಕಡೆಗೆ ಕೈ ಮಾಡಿದರು.

ವಿಠ್ಠಲ ನನಗಿಂತ ಹೆಚ್ಚು ಪೆಚ್ಚಾಗಿದ್ದ. "ಭಾವ, ಬೇವಿನ ಎಲಿ ಉದುರಿ ದಿನಾ ಅಂಗಳದ ಕಸ ಬಳಿಯೋದು ಅಕ್ಕಗ ತ್ರಾಸಾಗ್ತದ ಅಂತ ಈ ಜಾಗ ನಾ ಇಟ್ಕೊಂಡಿದ್ದೆ," ಎಂದ. ನಾನು ಹೇಳಲಿಲ್ಲವೇ, ಒಳ್ಳೆಯವನು.

"ಮತ್ತ ಜಾಗ ಬದಲಿ ಮಾಡ್ಕೊಂಡ್ರಾತಲ್ಲ," ಎಂದು ನಾನು ಕೊನೆಯ ದಾಳ ಹಾಕಿದೆ.

"ದಿನಾ ಮುಂಜಾನಿ ಕಸ ನೀವು ಬಳೀತೀರೇನು?" ಎಂದಳು ವೃಂದಾ. ಕೂಗಾಡಲಿಲ್ಲ, ಬೈಯಲಿಲ್ಲ. ಅವಳು ಬೈಯದಿದ್ದಾಗ ನನಗೆ ಜೀವ ಹೋದಂತಾಗುತ್ತದೆ.

ಆಚಾರ್ಯರು ಗಡಿಯಾರ ನೋಡಿದರು. "ಮುಹೂರ್ತ ಹೋಗ್ಲಿಕತ್ತದ. ಸಂಕಲ್ಪ ಯಾರ ಹೆಸರಲೆ ಮಾಡ್ಲಿ?"

ಮಾಡಿದ ಅಡುಗೆ, ಕೂಡಿದ ಬಳಗ, ಸಿಕ್ಕ ಮುಹೂರ್ತ ಯಾವುದನ್ನೂ ಕೆಡಿಸಬಾರದೆಂದು ಹಿರಿಯರೆಲ್ಲ ಸೇರಿ ವಿಠ್ಠಲನನ್ನೂ ಪ್ರಮಿತಾಳನ್ನೂ ಮಣೆಯ ಮೇಲೆ ಕೂಡಿಸಿದರು. ನಾನು ಗುಡ್ಡದ ನೆರಳಲ್ಲಿ ಕುಳಿತು ಶಿರಾ ತಿಂದೆ. ಸರದಿಯ ಮೇಲೆ ಎಲ್ಲರೂ ಬಂದು, ನೆಲ ಎಷ್ಟು ಚೆಂದ ಸಮ ಮಾಡಿಸಿದ್ದೀರಿ ಎಂದು ಹೊಗಳಿ ಹೋದರು.

ಕರಾರಿನ ಪ್ರಕಾರ ನಾನು ಆಮೇಲೆ ಬಾಯಿ ತೆಗೆಯಲಿಲ್ಲ. ವಿಠ್ಠಲನ ಮನೆ ಭರಭರನೆ ಎದ್ದಿತು. ಅವನದೂ ನಮ್ಮಂಥದೇ ನಕ್ಷೆ, ಆದರೆ ಉತ್ತರದ ಕೋಣೆಯನ್ನು ಅವರು ಓದುವ ಕೋಣೆ ಮಾಡಿದರು. ಭಾವನ ವಿಚಾರ ಭಾಳ ಚೊಲೊ ಅದ ಎಂದು ಪ್ರಮಿತಾಳಿಗೆ ಅನಿಸಿತಂತೆ. ನಮ್ಮ ನಕ್ಷೆಯಲ್ಲಿ ಅದು ಸ್ಟೋರ್ ರೂಮಾಗಿಯೇ ಉಳಿಯಿತು. ಗುಡ್ಡದ ಮೇಲೆ ಮಳೆಗಾಲದಲ್ಲಿ ಹೊಸ ಜಾಲಿ ಚಿಗುರಿತು.

ಕಾರ್ತೀಕ ಕಳೆದ ಮೇಲೆ ವಿಠ್ಠಲ ನಮ್ಮ ಜಾಗ ಸಾಫ್ ಮಾಡಿಸಲು ತಾನೇ ನಿಂತ. ವಾಡಿಯಿಂದ ಯಂತ್ರ ಕರೆಸಿದ. ಅದೇ ಅಗಲ ಚೈನು, ಅದೇ ಹಲ್ಲಿನ ಬಕೆಟ್ಟು, ಪಂಜರದೊಳಗೆ ಅದೇ ಅಬ್ದುಲ್ ಕರೀಮ್. ಅವನು ನನಗೆ ಸಲಾಮು ಮಾಡಿ ಮುಖ ಆ ಕಡೆ ತಿರುಗಿಸಿಕೊಂಡ. ವೃಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಯಂತ್ರ ಆ ಗುಡ್ಡವನ್ನು ಕರಗಿಸುವುದನ್ನು ಬೆರಗಿನಿಂದ ನೋಡುತ್ತಿದ್ದಳು. ಹೋದ ಸಲ ಅವಳು ಅದನ್ನು ಕಂಡಿರಲಿಲ್ಲ.

"ನೋಡ್ರಿ," ಎಂದಳು ನನಗೆ, "ಎಷ್ಟ ಸಣ್ಣದದ, ನಿಂತಲ್ಲೇ ಹೆಂಗ ತಿರಗತದ. ಎರಿ ನೆಲದಾಗ ಒಂಚೂರೂ ಹುಗಿಲಿಲ್ಲ. ಆರಸೋದಂದ್ರ ಹಿಂಗ ಆರಸಬೇಕು."

"ಅಕ್ಕಾ, ಇದು ಭಾವ ಆರಿಸಿದ್ದ ಯಂತ್ರ," ಎಂದ ವಿಠ್ಠಲ.

ವೃಂದಾ ಅವನ ಬೆನ್ನ ಮೇಲೆ ಕೈಯಾಡಿಸಿದಳು. "ಅವರ ಮರ್ಯಾದಿ ಕಾಯ್ಲಿಕ್ಕ ಹಂಗಂತೀ. ನಿನ್ನ ಸ್ವಭಾವನ ಹಂಗ."

ನಾನು ಕರೀಮನಿಗೆ ಚಹಾ ತರಲು ಹೋದೆ.