ಅಳೆಯದೆ ಬಿಟ್ಟ ಗೋಡೆ

ನನ್ನ ಭಾವಮೈದ ಇಲ್ಲಿಯವರೆಗೆ ನೂರಾರು ಮನೆ ಕಟ್ಟಿದ್ದಾನೆ. ಒಂದಕ್ಕೂ ಒಂದು ಇಟ್ಟಿಗೆ ಖರ್ಚಾಗಿಲ್ಲ!

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬಿಡಿಸುತ್ತಿದ್ದವನು ನಿವೃತ್ತನಾಗಿ ಶಿವಮೊಗ್ಗ ಸೇರಿದ ಮೇಲೆ ಕಂಪ್ಯೂಟರ್ ಕಲಿತ. ಈಗ ಅದರೊಳಗೇ ಪಾಯ, ಅದರೊಳಗೇ ತಾರಸಿ. ಮನೆ ಮುಗಿಯಿತೆಂದರೆ ಆ ಮನೆಯೇ ಸುತ್ತ ಎದ್ದು ನಿಂತಂತೆ ತೋರಿಸುವ ಡಬ್ಬಿಯಂಥ ಕನ್ನಡಕವನ್ನು ನಿಮ್ಮ ಮುಖಕ್ಕೆ ಕಟ್ಟಿ, "ನಡೀರಿ, ಒಳಗೆ ಓಡಾಡಿ" ಅನ್ನುತ್ತಾನೆ. ಇಂಥವನನ್ನು ನಂಬುವುದು ಹೇಗೆ? ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕರಣೆ ಹಿಡಿದ ಗಾರೆ ಮೇಸ್ತ್ರಿ. ಮೊಣಕೈ ತರಚದ ಗೋಡೆ ನನಗೆ ಗೋಡೆಯೇ ಅಲ್ಲ.

ಅವನಿಗೆ ಅಳತೆಯ ಹುಚ್ಚು ಬೇರೆ. ಜೇಬಿನಲ್ಲಿ ಸದಾ ಕೆಂಪು ಚುಕ್ಕಿ ಬಿಡುವ ಅಳತೆಯ ಯಂತ್ರ. ಒಂದು ಮದುವೆ ಊಟದಲ್ಲಿ ಛತ್ರದ ಅಗಲ ಅಳೆಯಲು ಹೋಗಿ ಚುಕ್ಕಿಯನ್ನು ಎದುರು ಪಂಕ್ತಿಯವರ ಎಲೆಗೆ ಬೀಳಿಸಿದ. "ಏನ್ರೀ ಇದು, ಪಾಯಸದಲ್ಲಿ ಕೆಂಪಿರುವೆ ಓಡಾಡ್ತಿದೆ!" ಎಂದು ಅವರು ಎದ್ದೇಬಿಟ್ಟರು. ಇವನು ನನ್ನ ಕಿವಿಯಲ್ಲಿ "ಮೂವತ್ತೆಂಟು ಅಡಿ ಭಾವ" ಎಂದು ಹೇಳಿ ಹಪ್ಪಳ ಮುರಿದ.

ಭದ್ರಾವತಿಯ ನಮ್ಮ ಸೈಟಿನಲ್ಲಿ ಮನೆ ಕಟ್ಟಲು ಹೊರಟಾಗ, "ನಕ್ಷೆ ನಂದು, ಗಾರೆ ನಿಮ್ದು" ಎಂದ. ತನ್ನ ವರಾಂಡದಲ್ಲಿ ನಿಲ್ಲಿಸಿ ಕನ್ನಡಕ ಕಟ್ಟಿದ. ಇರಲಿ ಎಂದು ನಡೆದೆ. ಹಜಾರ ಬಂತು, ಅಡುಗೆಮನೆ ಬಂತು, ದೇವರಮನೆ ಬಂತು. ಚಪ್ಪಲಿ ಬಿಟ್ಟು ಕೈಮುಗಿದೆ! ಕನ್ನಡಕ ತೆಗೆದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ನನ್ನ ಹೆಂಡತಿಯೂ.

ಅವತ್ತು ಹುಟ್ಟಿದ್ದು ಅನುಮಾನ. ಅವಳು ಗುರುವಾರ ಗುರುವಾರ ಬಸ್ಸು ಹತ್ತಿ ತಮ್ಮನ ಮನೆಗೆ ಹೋಗತೊಡಗಿದಳು. ಯಾಕೆ? ಒಂದು ದಿನ ಹಿಂದೆಯೇ ಹೋಗಿ ಕಿಟಕಿಯಲ್ಲಿ ಇಣುಕಿದೆ. ಅವಳು ಆ ಡಬ್ಬಿ ಕಟ್ಟಿಕೊಂಡು, ಕೈ ಮುಂದೆ ಚಾಚಿ ಹೆಜ್ಜೆ ಎಣಿಸುತ್ತಿದ್ದಳು. "ಒಲೆಯಿಂದ ಎಂಟಕ್ಕೆ ಬಾಗಿಲು ಅಕ್ಕ. ನೆನಪಿಟ್ಕೋ" ಎನ್ನುತ್ತಿದ್ದ ಇವನು. ನಾನು ಒಳಗೆ ಹೋದೊಡನೆ ಇಬ್ಬರೂ ಗಪ್‌ಚುಪ್.

"ಏನು ಗುಟ್ಟು ಮಾರಾಯ?"

"ಗುಟ್ಟೇನಿಲ್ಲ ಭಾವ. ಕಾಫಿ ಕುಡೀತೀರಾ?"

ಕೇಳದೆ ಕಾಫಿ ಕೊಡುವವನು ಅವತ್ತು ಕೇಳಿದ! ಇನ್ನೇನು ಸಾಕ್ಷಿ ಬೇಕು? ಅಕ್ಕ ತಮ್ಮ ಸೇರಿ ನನ್ನ ಮನೆಯನ್ನು ಒಳಗೊಳಗೇ ತಮ್ಮದು ಮಾಡಿಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಆಮೇಲೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ದಾರ ಹಿಡಿದು ಸುಣ್ಣದ ಗೆರೆ ಎಳೆಯುವಾಗ ಅಡುಗೆಮನೆಯ ಬಾಗಿಲನ್ನು ಬೇಕೆಂದೇ ಒಂದೂವರೆ ಅಡಿ ಬಲಕ್ಕೆ ಸರಿಸಿದೆ. ಮೇಸ್ತ್ರಿ ಯಾರೆಂದು ಕಂಪ್ಯೂಟರಿಗೂ ಗೊತ್ತಾಗಲಿ! ಸಿಮೆಂಟಿನ ಧೂಳು ಎಂದು ನೆಪ ಹೇಳಿ ಅಕ್ಕ ತಮ್ಮ ಇಬ್ಬರನ್ನೂ ಸೈಟಿನತ್ತ ಸುಳಿಯಗೊಡಲಿಲ್ಲ. ಅವನು ಅಳೆಯಲು ಬಂದೇ ಬರುತ್ತಾನೆ ಎಂದು ಜಗಳಕ್ಕೆ ಮಾತು ಹೊಂದಿಸಿಟ್ಟುಕೊಂಡಿದ್ದೆ. ಅವನು ಬರಲೇ ಇಲ್ಲ.

ಗೃಹಪ್ರವೇಶದ ದಿನ ಹಾಲು ಉಕ್ಕಿತು. ಅವಳು ಲೋಟಗಳ ತಟ್ಟೆ ಹಿಡಿದು, ಕಣ್ಣನ್ನು ಲೋಟಗಳ ಮೇಲೇ ಇಟ್ಟು, ತುಟಿಯಲ್ಲೇ ಏನೋ ಗುಣುಗುತ್ತಾ ಒಲೆಯಿಂದ ನೇರ ನಡೆದಳು. ಎಂಟನೆಯ ಹೆಜ್ಜೆಗೆ ತಟ್ಟೆ ಉರುಳಿ ಹಣೆ ಗೋಡೆಗೆ ಬಡಿಯಿತು.

ಭಾವಮೈದ ಓಡಿಬಂದು ಅಕ್ಕನನ್ನು ಕೂರಿಸಿದ. ಗೋಡೆ ನೋಡಿದ, ನನ್ನನ್ನು ನೋಡಿದ.

"ಅಕ್ಕನ ಕಣ್ಣು ಅಂಚಿಂದ ಮಂಜಾಗ್ತಾ ಬರ್ತಿದೆ ಭಾವ. ಪೂರ್ತಿ ಹೋಗತ್ತೆ ಅಂದಿದಾರೆ ಡಾಕ್ಟ್ರು. ಕಾಣೋವಾಗ್ಲೇ ಮನೆ ಬಾಯಿಪಾಠ ಆಗ್ಲಿ ಅಂತ ನಡೆಸ್ತಿದ್ದೆ. ನಿಮಗೆ ಹೇಳಿದ್ರೆ ನಿದ್ದೆ ಬಿಡ್ತೀರಿ ಅಂತ ಆಣೆ ಹಾಕಿಸ್ಕೊಂಡಿದ್ಲು."

ನಾನು ಗೋಡೆಗೆ ಅಂಗೈ ಒತ್ತಿ ಕೇಳಿದೆ: "ಊರನ್ನೆಲ್ಲ ಅಳೀತೀಯಲ್ಲೋ. ಈ ಗೋಡೆ ಯಾಕೆ ಅಳೀಲಿಲ್ಲ?"

"ನೀವು ಕಟ್ಟಿದ್ದನ್ನ ಅಳೆಯೋದೇನು ಭಾವ?"

ಗೋಡೆ ಒಡೆಯುತ್ತೇನೆಂದು ಹಾರೆ ಎತ್ತಿದೆ. ಅವಳು ಹಣೆ ಒತ್ತಿಕೊಂಡೇ, "ಹೊಸ ಮನೆ ರೀ, ಇವತ್ತೇ ಒಡೀತೀರಾ? ಏಳು ಹೆಜ್ಜೆ, ಆಮೇಲೆ ಬಲಕ್ಕೆ ಒಂದು. ಕಲ್ತ್ಕೋತೀನಿ ಬಿಡಿ" ಎಂದಳು.

ಭಾವಮೈದ ನಕ್ಷೆಯನ್ನೇ ನನ್ನ ತಪ್ಪಿಗೆ ಸರಿಯಾಗಿ ತಿದ್ದಿ ತಂದ. ನಾನೇ ಕೇಳಿ ಕನ್ನಡಕ ಕಟ್ಟಿಸಿಕೊಂಡೆ. ಅಡುಗೆಮನೆಯ ಬಾಗಿಲ ಪಕ್ಕ, ಹೋದ ಸಲ ನನ್ನ ಕಣ್ಣಿಗೆ ಬೀಳದಿದ್ದ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಕುಳ್ಳನೊಬ್ಬ ನಿಂತಿದ್ದ.

"ಇದ್ಯಾರೋ?"

"ಎತ್ತರ ತಿಳಿಯೋಕೆ ಒಬ್ಬ ಮನುಷ್ಯನ್ನ ನಿಲ್ಲಿಸ್ಬೇಕು ಭಾವ. ಎಲ್ಲಾ ಮನೇಲೂ ನಿಮ್ಮನ್ನೇ ನಿಲ್ಲಿಸೋದು ನಾನು."

ಈಗ ಬೆಳಿಗ್ಗೆ ಒಲೆಯ ಕಡೆಯಿಂದ "ಒಂದು" ಎಂದು ಕೇಳಿದೊಡನೆ ಪೇಪರ್ ಕೆಳಗಿಡುತ್ತೇನೆ. ಎಂಟು ಎನ್ನುವುದರೊಳಗೆ, ನಕ್ಷೆಯಲ್ಲಿ ಅವನು ನನ್ನನ್ನು ನಿಲ್ಲಿಸಿದ ಜಾಗಕ್ಕೆ ಹೋಗಿ ಕೈ ಚಾಚಿ ನಿಲ್ಲುತ್ತೇನೆ.